ಕೆಂಪು ಕಾಣದ ಫಿಲ್ಮು

ಎಕ್ಸ್‌ರೇ ಮಾವನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ಉಗುರೂ ಬುಡದಿಂದ ತುದಿಯವರೆಗೆ ಕಂದು. ಹೊಸಬರು ಬೀಡಿ ಚಟ ಅಂದುಕೊಳ್ಳುತ್ತಿದ್ದರು. "ಹಣೇಲಿ ಮೂರು ಗೆರೆ ವಿಭೂತಿ, ಬೆರಳಲ್ಲಿ ಬೀಡಿ ಕರೆ, ಏನ್ ಮನುಷ್ಯನಪ್ಪಾ!" ಅಂತ ನನ್ನ ಮೆಡಿಕಲ್ ಸ್ಟೋರಿಗೆ ಬಂದ ಗಿರಾಕಿಯೊಬ್ಬ ನನ್ನೆದುರೇ ಅಂದಿದ್ದ. ಅದು ಕಾಫಿಯ ಕರೆ. ಮಾವ ಬೀಡಿ ಮುಟ್ಟಿದವರಲ್ಲ. ಗ್ಯಾಸ್ಟ್ರಿಕ್ ಅಂತ ಕಾಫಿಯನ್ನೂ ಕುಡಿಯುತ್ತಿರಲಿಲ್ಲ. ಅವರು ಕಾಫಿಯಲ್ಲಿ ಫಿಲ್ಮು ತೊಳೆಯುತ್ತಿದ್ದರು.

ಅರಕಲಗೂಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ರಸ್ತೆ. ಸಂಬಂಧಿಕರೇನಲ್ಲ. ನನ್ನ ಅವ್ವನನ್ನು ಅಕ್ಕಾ ಅನ್ನುತ್ತಿದ್ದರು, ಹಾಗಾಗಿ ನನಗೆ ಮಾವ. ನರ್ಸಿಂಗ್ ಹೋಮೊಂದರಲ್ಲಿ ಮೂವತ್ತು ವರ್ಷ ಎಕ್ಸ್‌ರೇ ತೆಗೆದವರು. ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಅಲ್ಲಿ ಅವಧಿ ಮುಗಿದು ಬಿದ್ದಿದ್ದ ಫಿಲ್ಮಿನ ಡಬ್ಬಗಳನ್ನು ಕೇಳಿ ಮನೆಗೆ ತಂದರು. ಅದಕ್ಕೆ ಸರಿಯಾಗಿ ಹಾಸನದ ಗುಜರಿ ಅಂಗಡಿಯಲ್ಲಿ, ಕೆಟ್ಟ ಗಡಿಯಾರಗಳ ರಾಶಿಯೊಳಗೆ, ಒಂದು ಕ್ಯಾಮೆರಾ ಸಿಕ್ಕಿತು. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ, ಮುಷ್ಟಿ ಕಟ್ಟಿದರೆ ಕಾಣದು. ಅದಕ್ಕೆ ಬೇಕಾದ ಬೆರಳಗಲದ ಫಿಲ್ಮು ಈಗ ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗಲ್ಲ. ಸಿಗಲ್ಲ ಅನ್ನುವ ಮಾತು ಕೇಳಿದರೆ ಸಾಕು, ಮಾವನಿಗೆ ಹುರುಪು ಬರುತ್ತಿತ್ತು.

ಹಲಗೆಯೊಂದಕ್ಕೆ ಅಳತೆ ಹಿಡಿದು ಎರಡು ಬ್ಲೇಡು ಬಿಗಿದರು. ಎಕ್ಸ್‌ರೇ ಫಿಲ್ಮಿನ ದೊಡ್ಡ ಹಾಳೆಯನ್ನು ಅದರಡಿ ಎಳೆದು ಉದ್ದುದ್ದ ಪಟ್ಟಿ ಸೀಳಿದರು. ಕೆಲಸವೆಲ್ಲ ಬಚ್ಚಲಮನೆಯಲ್ಲಿ, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ, ಕೆಂಪು ಬಲ್ಬಿನ ಬೆಳಕಲ್ಲಿ. ಆ ಫಿಲ್ಮಿಗೆ ಕೆಂಪು ಕಾಣುವುದಿಲ್ಲವಂತೆ, ಅದಕ್ಕೇ ಕೆಂಪು ಬೆಳಕಲ್ಲಿ ಕೆಡುವುದಿಲ್ಲ. ಹೊರಗೆ ಅವರ ಹೆಂಡತಿ, ಅಂದರೆ ನಮ್ಮತ್ತೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾಗಿಲು ಬಡಿಯುತ್ತಿದ್ದರು.

"ಒಲೆ ಮೇಲಿನ ನೀರು ಆರೋಯ್ತು, ಈಚೆ ಬನ್ನಿ! ಮೂವತ್ತು ವರ್ಸ ಊರೋರ ಮೂಳೆ ತೆಗ್ದಿದ್ದು ಸಾಲ್ದಾ?"

ಮೊದಲು ನಿಚ್ಚಳವಾಗಿ ಬಂದ ಪಟ್ಟಿಯಲ್ಲಿ ಇದ್ದದ್ದು ಅತ್ತೆಯ ಚಿತ್ರವೇ. ಕಾಗದಕ್ಕೆ ಇಳಿಸಿದಾಗ ಹಣೆಯ ಕಾಸಗಲದ ಕುಂಕುಮ ಇದ್ದಿಲ ಹಾಗೆ ಬಂದಿತ್ತು. "ಮುತ್ತೈದೆ ಹಣೇಗೆ ಮಸಿ ಬಳ್ದವ್ರೆ ಈವಯ್ಯ!" ಅಂತ ಅತ್ತೆ ಬೀದಿಗೆಲ್ಲ ತೋರಿಸಿಕೊಂಡು ಬಂದರು. ಮಾವ ಹಿಂದೆಯೇ ಬಂದು, "ನಾನಲ್ಲ ಕಣೆ, ಫಿಲ್ಮು. ಅದ್ಕೆ ಕೆಂಪೆಲ್ಲ ಕಪ್ಪೇ" ಅಂತ ಮನೆಮನೆಗೂ ವಿವರಿಸಿದರು.

ಫಿಲ್ಮು ತೊಳೆಯುವ ಔಷಧಿಗೆ ಕಾಫಿಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಮಾತ್ರೆ. ಮಾತ್ರೆ ನನ್ನ ಅಂಗಡಿಯದು. ಒಮ್ಮೆಗೆ ನಲವತ್ತು ಒಯ್ದರೆ ಪಕ್ಕದಲ್ಲಿ ನಿಂತವರು ಪಾಪ, ಏನು ಕಾಯಿಲೆಯೋ ಅಂತ ಲೊಚಗುಟ್ಟುತ್ತಿದ್ದರು. ಮೊದಲ ತಿಂಗಳಿಡೀ ಯಾವ ಪಟ್ಟಿ ತೊಳೆದರೂ ಬರೀ ಮಂಕು, ಹೊಗೆ ಕವಿದ ಹಾಗೆ. ಮಾವನದೊಂದು ಮಾತಿತ್ತು: "ಮೊದ್ಲು ನನ್ನ ಕೈ ನೋಡ್ಬೇಕು, ಆಮೇಲೆ ಫಿಲ್ಮು ನೋಡ್ಬೇಕು, ಕಡೇಗೆ ಲೋಕ ನೋಡ್ಬೇಕು." ಅದರಂತೆ ಕೈ ನೋಡಿಕೊಂಡರು, ಗಡಿಯಾರ ನೋಡಿದರು, ಫಿಲ್ಮಿನ ಡಬ್ಬ ಬದಲಿಸಿದರು. ಕೊನೆಗೆ ಕಾಫಿಪುಡಿ ಡಬ್ಬ ಮೂಸಿದರು. ಅತ್ತೆ ತರಿಸುತ್ತಿದ್ದದ್ದು ಅರ್ಧಕ್ಕರ್ಧ ಚಿಕೋರಿ ಬೆರೆಸಿದ ಪುಡಿ. ಮಾವನಿಗೆ ಸಿಟ್ಟೋ ಸಿಟ್ಟು. "ಆಸನ ಜಿಲ್ಲೇಲಿ ಉಟ್ಟು ಚಿಕೋರಿ ಕುಡೀತಾವಳಲ್ಲ, ಮಾನ ಓಯ್ತು ಕಣವ್ವ!" ಅಂತ ನನ್ನ ಕೌಂಟರಿಗೆ ಕೈಯೂರಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಹೊಸ ಫಿಲ್ಮು ಸಿಕ್ಕಾಗಲೆಲ್ಲ ಪರೀಕ್ಷೆಗೆ ನಮ್ಮವ್ವನೇ ಬೇಕು. ಹತ್ತು ಗಂಟೆಯ ಬಿಸಿಲಿಗೆ ಅವ್ವ ಜಗಲಿಯಲ್ಲಿ ಕಾಲು ಚಾಚಿ ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಮೆಲ್ಲುತ್ತಿದ್ದಳು. ಹೊಗೆಸೊಪ್ಪು ಕೊಣನೂರಿನ ತವರುಮನೆಯದು, ಬೇರೆಯದು ಆಗುತ್ತಿರಲಿಲ್ಲ. ನಾವು ಮೊಬೈಲ್ ಎತ್ತಿದರೆ ಮುಖ ಬಿಗಿದುಕೊಂಡು ಪೊಲೀಸರ ಮುಂದೆ ಕೂತವಳಂತಾಗುವಳು. ಮಾವನ ಕ್ಯಾಮೆರಾ ಕಂಡರೆ ಮಾತ್ರ, "ಬೆಂಕಿಪೊಟ್ಣ ತಂದ್ಯೇನ್ಲಾ ತಮ್ಮ? ಯಾರ್ ಮನೆ ಸುಡಕ್ಕೋ?" ಅಂತ ಬಾಯಿ ತುಂಬ ನಗುವಳು. ಮಾವ ಆ ನಗುವಿಗೇ ಕಾದು ಗುಂಡಿ ಒತ್ತುತ್ತಿದ್ದರು. ಆಮೇಲೆ ಲಕೋಟೆಯ ಮೇಲೆ ಬರೆದಿಡುವರು: ಅಕ್ಕ, ಜಗಲಿ, ಬಿಸಿಲು, ಇಂಥ ಫಿಲ್ಮು. ಒಂದು ವರ್ಷ ಎಕ್ಸ್‌ರೇ, ಇನ್ನೊಂದು ವರ್ಷ ಚನ್ನರಾಯಪಟ್ಟಣದ ಮುಚ್ಚಿದ ಸ್ಟುಡಿಯೋದ ಹಳೇ ಕಲರ್ ರೋಲು, ಮತ್ತೆ ಎಕ್ಸ್‌ರೇ. ಮೂರು ವರ್ಷದ ಹಿಂದೆ ಹೊಳೆನರಸೀಪುರದಲ್ಲಿ ಪ್ರೆಸ್ಸೊಂದು ಮುಚ್ಚಿದಾಗ ಅಲ್ಲಿ ಪ್ಲೇಟು ಮಾಡಲು ಇಟ್ಟಿದ್ದ ಫಿಲ್ಮು ಸಿಕ್ಕಿತು. ಅದಕ್ಕೂ ಕೆಂಪು ಕಾಣದು.

ಆ ಪ್ರೆಸ್ ಫಿಲ್ಮಿನಲ್ಲಿ ಅವ್ವನ ನಗು ಕಿರಿದಾಗಿ ಬಂತು. ಎಲೆಯ ಕೆಂಪು ಕಪ್ಪಾಗಿ ಹಲ್ಲನ್ನೆಲ್ಲ ನುಂಗಿರಬೇಕು ಅಂತ ಮಾವ ಅಂದುಕೊಂಡರು. ಮಾರನೆಯ ದಿನ ರಸ್ತೆ ದಾಟಿ ಬಂದು, "ಅಕ್ಕಾ, ಎಲೆ ಉಗ್ದು, ಕೆಂಪೋಗಂಗೆ ಬಾಯಿ ತೊಳ್ಕಂಡು ಬಾ" ಅಂದರು.

"ಯಾಕ್ಲಾ, ನನ್ನ ಎಣ್ಣು ನೋಡಕ್ಕೆ ಬತ್ತಾವ್ರಾ?" ಅಂತ ಅವ್ವ ತಮಾಷೆ ಮಾಡಿಕೊಂಡೇ ಬಾಯಿ ತೊಳೆದು ಬಂದು ಕೂತಳು. ನಕ್ಕಳು. ಚಿತ್ರದಲ್ಲಿ ನಗು ಆಗಲೂ ಕಿರಿದು.

ಎರಡು ದಿನ ಬಿಟ್ಟು ಮಾವ ಅಂಗಡಿಗೆ ಬಂದರು. ಮಧ್ಯಾಹ್ನ, ಹತ್ತು ಜನ ಗಿರಾಕಿಗಳು. ಬೆರಳ ಸಂದಿಯಲ್ಲಿ ನಾಲ್ಕು ಪಟ್ಟಿ ಹಿಡಿದು ಟ್ಯೂಬ್‌ಲೈಟಿಗೆ ಎತ್ತಿ, ನನ್ನ ಕೈಗೆ ಭೂತಗನ್ನಡಿ ಕೊಟ್ಟರು.

"ನೋಡವ್ವ. ಇದು ಮೊದ್ಲನೇ ವರ್ಸದ್ದು, ಬಾಯಿ ಎಷ್ಟಗ್ಲ ಐತೆ ನೋಡು. ಇದು ಎರಡ್ನೇದು, ಇದು ಮೂರ್ನೇದು. ಇದು ಈಗ್ಲದ್ದು. ಕೈ ನೋಡ್ಕಂಡೆ, ಸರಿಯಾಗೈತೆ. ಫಿಲ್ಮು ಸರಿಯಾಗೈತೆ. ಬಾಯೂ ತೊಳ್ಸಿದ್ದಾಯ್ತು. ಅಕ್ಕನ ಬಾಯಿ ವರ್ಸ ವರ್ಸಕ್ಕೆ ಮುಚ್ಕತಾ ಐತೆ ಕಣವ್ವ."

ನನಗೆ ರೇಗಿಹೋಯಿತು. "ನಿಮ್ಮ ಫಿಲ್ಮಿನ ಹುಚ್ಚಿಗೆ ನಮ್ಮವ್ವನಿಗ್ಯಾಕೆ ರೋಗ ಅಂಟಿಸ್ತೀರಾ ಮಾವ? ಕೆಲಸ ಇಲ್ಲವಾ?" ಅಂತ ಅಷ್ಟು ಜನರ ಮುಂದೆ ಅಂದುಬಿಟ್ಟೆ. ಮಾವ ಪಟ್ಟಿಗಳನ್ನು ಜೇಬಿಗೆ ಇಳಿಬಿಟ್ಟುಕೊಂಡರು. "ಮೂರು ಬೆರಳು ಬಾಯೊಳೀಕೆ ಓಯ್ತವಾ ನೋಡು, ಅಷ್ಟೇ ಸಾಕು" ಅಂದು ಹೋದರು.

ಸಂಜೆ ಅವ್ವನಿಗೆ ಮೂರು ಬೆರಳು ಒಟ್ಟು ಮಾಡಿ ಬಾಯಿಗೆ ಇಡು ಅಂದೆ. ಒಂದೂವರೆ ಹೋಯಿತು. ಟಾರ್ಚು ಬಿಟ್ಟು ನೋಡಿದೆ. ಕೆನ್ನೆಯ ಒಳಗೆಲ್ಲ ಬಿಳಿಚಿಕೊಂಡಿತ್ತು, ಹಿಂದೊಂದು ಹುಣ್ಣು. ಆರು ತಿಂಗಳಿಂದ ಸಾರು ಖಾರ ಅನ್ನುತ್ತಿದ್ದಳು, ಮೊಸರಿಗೆ ಮುದ್ದೆ ಕಿವುಚಿಕೊಳ್ಳುತ್ತಿದ್ದಳು. ಬಾಯಿಹುಣ್ಣು ಅಂದರೆ ಬಿ ಕಾಂಪ್ಲೆಕ್ಸ್ ಕೊಟ್ಟು ಸುಮ್ಮನಾಗಿದ್ದವಳು ನಾನೇ. ಔಷಧಿ ಅಂಗಡಿ ಇಟ್ಟುಕೊಂಡು, ದಿನಾ ಒಂದೇ ಒಲೆಯ ಮುಂದೆ ಕೂತು ಉಂಡು, ನನಗೆ ಕಾಣಲಿಲ್ಲ. ನನ್ನ ಕಣ್ಣಿಗಿಷ್ಟು ಮಣ್ಣು ಹಾಕ.

ಹಾಸನದ ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ. ಇನ್ನೂ ಚಿಕ್ಕದಿದೆ, ಸರಿಯಾದ ಹೊತ್ತಿಗೆ ಬಂದಿರಿ, ಯಾರು ಹೇಳಿದರು ಅಂತ ಕೇಳಿದರು. ನಮ್ಮೆದುರು ಮನೆಯವರು ಅಂದೆ. ಮೈಸೂರಿನಲ್ಲಿ ಆಪರೇಷನ್ ಆಯಿತು. ಬಲಗೆನ್ನೆಯ ಒಳಭಾಗ ತೆಗೆದರು. ಅವ್ವ ಉಳಿದಳು.

ಆದರೆ ಬಾಯಿ ಸೊಟ್ಟಗಾಗಿತ್ತು. ಅವ್ವ ಜಗಲಿಗೆ ಬರುವುದನ್ನೇ ಬಿಟ್ಟಳು. ಯಾರಾದರೂ ಬಂದರೆ ಸೆರಗು ಬಾಯಿಗೆ ಅಡ್ಡ. ಮಾವ ದಿನಾ ಬಂದು ಖಾಲಿ ಜಗಲಿಯ ಮೇಲೆ ಕೂತು, "ಅಕ್ಕಾ, ಮುದ್ದೆ ಇಳೀತಾ?" ಅಂತ ಒಳಗೆ ಕೂಗುವರು. "ಊಂ ಕಣ್ಲಾ" ಅಂತ ಒಳಗಿಂದ ಉತ್ತರ. ಅವ್ವನತ್ತ ಕ್ಯಾಮೆರಾ ಮತ್ತೆ ಎತ್ತಲಿಲ್ಲ. ಅಕ್ಕನೇ ಕರೆಯಲಿ ಅನ್ನುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ, ಆವತ್ತು ಜನರ ಮುಂದೆ ಬೈದೆ, ತಪ್ಪಾಯ್ತು ಮಾವ ಅಂದೆ.

"ಬೈದ್ಯಾ? ನಿಮ್ಮತ್ತೆ ಬೈಯದು ಕೇಳಿದ ಕಿವಿ ಇದು. ನಿಂದು ಬೈಗುಳದ ಲೆಕ್ಕಕ್ಕೆ ಬರಲ್ಲ ಓಗವ್ವ" ಅಂದು ನಕ್ಕರು. ಆ ಮನುಷ್ಯನ ದೊಡ್ಡಗುಣಕ್ಕೆ ಕೈಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ. ಮಾತ್ರೆಯ ಪೊಟ್ಟಣ ಕೊಟ್ಟು ಕಳಿಸಿದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾವ ಎದೆ ಹಿಡಿದುಕೊಂಡಿತು ಅಂದರಂತೆ. ಹಾಸನ ಮುಟ್ಟುವ ಮೊದಲೇ ಹೋದರು. ಅವರ ಪೈಕಿಯಲ್ಲಿ ಸತ್ತವರನ್ನು ಕೂರಿಸುತ್ತಾರೆ. ಮೈಗೆಲ್ಲ ವಿಭೂತಿ ಬಳಿದು, ಗಲ್ಲ ಜೋತು ಬೀಳದಂತೆ ಬಿಳಿ ಬಟ್ಟೆ ಕಟ್ಟಿ, ಮನೆ ಮುಂದೆ ಕೂರಿಸಿದ್ದರು. ಬೀದಿ ತುಂಬ ಜನ.

ಅವ್ವ ನಮ್ಮ ಬಾಗಿಲು ದಾಟಿ, ರಸ್ತೆ ದಾಟಿ, ಒಬ್ಬಳೇ ಬಂದಳು. ಮಾವನ ಮುಂದೆ ಕುಸಿದು ಕೂತಾಗ ಸೆರಗು ಜಾರಿತು. ಸೊಟ್ಟ ಬಾಯಿ, ಹೊಲಿಗೆಯ ಗೆರೆ ಎಲ್ಲ ಊರ ಕಣ್ಣಿಗೆ ಬಿತ್ತು. ನಾನು ಓಡಿಹೋಗಿ ಸೆರಗು ಎತ್ತಿ ಮುಚ್ಚಲು ಹೋದೆ. ಅವ್ವ ನನ್ನ ಕೈ ತಳ್ಳಿದಳು. ತೆರೆದಷ್ಟೂ ಬಾಯಿ ತೆರೆದು, ಎದೆ ಬಡಿದುಕೊಂಡು ಅತ್ತಳು.

"ನನ್ನ ಬಾಯಿ ಉಳಿಸ್ಬುಟ್ಟು, ನೀನು ಬಾಯಿ ಮುಚ್ಕಂಡು ಕುಂತ್ಬುಟ್ಯಲ್ಲೋ, ನನ್ನ ತಮ್ಮಾ!"