ಡಿಗ್ರಿ ಆರಿಸಿಕೊಡುತ್ತಿದ್ದ ಮೇಷ್ಟ್ರು

ಹೋದ ವಾರ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಡಗಿಯೊಬ್ಬ ಬೀಟೆಮರದ ತೊಲೆಯೊಂದನ್ನು ಕೊಯ್ಯುತ್ತಿದ್ದ. ಈಗ ಬೀಟೆ ಎಲ್ಲರ ಕೈಗೆ ಸಿಗುವ ಮರವಲ್ಲ. ಯಾವುದೋ ಹಳೆಯ ಮನೆ ಕೆಡವಿ ತಂದದ್ದಿರಬೇಕು. ಗರಗಸದ ಹೊಟ್ಟಿನಿಂದ ಸಿಹಿಯೂ ಒಗರೂ ಬೆರೆತ ಆ ವಾಸನೆ ಬಂದಾಗ ನಾನು ಹಾಲಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬಡಗಿ ತಲೆಯೆತ್ತಿ, ಏನು ಬೇಕಿತ್ತು ಸ್ವಾಮಿ ಅಂದ. ಏನೂ ಇಲ್ಲವೆಂದು ಮನೆಗೆ ಬಂದೆ. ಆದರೆ ಅವತ್ತಿಡೀ ಹುಣಸೂರು, ನಮ್ಮ ಮರದ ಡಿಪೋ, ಅದರ ಪಕ್ಕದ ಹೆಂಚಿನ ಮನೆ, ಆ ಮನೆಯ ಮೇಷ್ಟ್ರು…

ನನ್ನ ತಂದೆ, ಅಬ್ಬಾ, ಮರದ ವ್ಯಾಪಾರಿ. ಕಾಕನಕೋಟೆ ಕಡೆಯ ಕಾಡಿನಲ್ಲಿ ಹರಾಜು ಹಿಡಿದ ಮರ ಗಾಡಿಗಳಲ್ಲಿ ನಮ್ಮ ಡಿಪೋಗೆ ಬರುತ್ತಿತ್ತು. ಡಿಪೋದ ಬೇಲಿಗೆ ಹೊಂದಿಕೊಂಡಂತಿದ್ದ ಮನೆಯನ್ನು ಹೈಸ್ಕೂಲಿನ ಗಣಿತದ ಮೇಷ್ಟ್ರು ಬಾಡಿಗೆಗೆ ಹಿಡಿದಿದ್ದರು. ಅವರದು ಕೃಷ್ಣರಾಜನಗರದ ಕಡೆಯ ಒಂದು ಹಳ್ಳಿ, ಗದ್ದೆ ಮಾಡುವ ಮನೆತನ. ಅವರ ವಂಶದಲ್ಲಿ ಬಿ.ಎ. ಮಾಡಿದವರು ಅವರೊಬ್ಬರೇ. ಕ್ಲಾಸಿನಲ್ಲಿ ಪುಸ್ತಕದ ಹಾಗೆ ಮಾತನಾಡುತ್ತಿದ್ದರು. ಮನೆಗೆ ಬಂದು ಕೋಟು ಬಿಚ್ಚಿದ ಮೇಲೆ ಊರಿನ ಮಾತೇ.

ಅವರು ಇಡೀ ಸೀಮೆಗೆ ಹೆಸರಾಗಿದ್ದದ್ದು ಪಾಠಕ್ಕಲ್ಲ. ಮಗನಿಗೆ ಯಾವ ಡಿಗ್ರಿ ಓದಿಸಬೇಕು ಎಂದು ಕೇಳಲು ಪಿರಿಯಾಪಟ್ಟಣದಿಂದ, ಹೆಗ್ಗಡದೇವನಕೋಟೆಯಿಂದೆಲ್ಲ ಜನ ಅವರ ಜಗುಲಿಗೆ ಬರುತ್ತಿದ್ದರು. ಮೈಸೂರು ಸಂಸ್ಥಾನದ ಹಣಕಾಸು ಇಲಾಖೆಗೆ ಸ್ಪರ್ಧಾ ಪರೀಕ್ಷೆ ನಡೆಸಿ ಕೆಲವೇ ಹುಡುಗರನ್ನು ಆರಿಸಿಕೊಳ್ಳುತ್ತಿದ್ದ ಕಾಲ ಅದು. ಹಾಗೆ ಸೇರಿದವನು ಮುಂದೆ ದೊಡ್ಡ ಅಧಿಕಾರಿಯಾಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ತಮ್ಮ ಕಾಲದಲ್ಲಿ ಚರಿತ್ರೆಯ ಬಿ.ಎ. ಮಾಡಿ ಆ ಪರೀಕ್ಷೆಗೆ ಕೂತಿದ್ದರು. ಸ್ವಲ್ಪದರಲ್ಲಿ ಕೈತಪ್ಪಿತ್ತು. ಚರಿತ್ರೆಯಲ್ಲಿ ಎಷ್ಟು ಚೆನ್ನಾಗಿ ಬರೆದರೂ ಯಾವ ಪರೀಕ್ಷಕನೂ ಪೂರ್ತಿ ಅಂಕ ಕೊಡುವುದಿಲ್ಲ, ಗಣಿತದಲ್ಲಿ ಉತ್ತರ ಸರಿಯಿದ್ದರೆ ಅವನು ಕೊಡದೆ ವಿಧಿಯಿಲ್ಲ ಎಂಬುದು ಅವರು ಆ ಸೋಲಿನಿಂದ ಕಲಿತ ಪಾಠ. ಆಮೇಲೆ ಗಣಿತವನ್ನು ತಾವೇ ಕೂತು ಓದಿಕೊಂಡು, ಅದನ್ನೇ ಕಲಿಸುವ ಕೆಲಸ ಹಿಡಿದರು. ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ: ಬಿ.ಕಾಂ. ಮಾಡಿದವನು ಯಾರದೋ ಕೈಕೆಳಗೆ ಲೆಕ್ಕ ಬರೆಯುತ್ತಾನೆ. ಆ ಲೆಕ್ಕದ ಮೇಲೆ ರುಜು ಹಾಕುವವನಾಗಬೇಕಾದರೆ ಗಣಿತದ ಆನರ್ಸ್ ಮಾಡಬೇಕು.

ಅವರಿಗೆ ಒಬ್ಬನೇ ಮಗ. ನನಗಿಂತ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ರಜ ಬಂದರೆ ಅವನು ನಮ್ಮ ಡಿಪೋದಲ್ಲೇ ಇರುತ್ತಿದ್ದ. ಕೊಡಗಿನಿಂದ ಬಂದವರೊಡನೆ ಕೊಡಗಿನವರ ಧಾಟಿಯಲ್ಲಿ, ಕೇರಳದ ಕಡೆಯಿಂದ ಬಂದ ವ್ಯಾಪಾರಿಗಳೊಡನೆ ಅವರ ಮಾತನ್ನೇ ಅರ್ಧಂಬರ್ಧ ಆಡಿ ನಗಿಸುತ್ತಿದ್ದ. ಜಗಳಕ್ಕೆಂದು ಬಂದವರೂ ಅವನ ಹತ್ತಿರ ಕೂತು ಬೀಡಿ ಹಚ್ಚುತ್ತಿದ್ದರು. ಯಾವ ಊರಿನಲ್ಲಿ ಮರಕ್ಕೆ ಯಾಕೆ ಬೆಲೆ ಏರಿತು, ಬ್ಯಾಂಕಿನವರು ಯಾರನ್ನು ನಂಬುತ್ತಾರೆ, ಯಾರನ್ನು ನಂಬುವುದಿಲ್ಲ ಎಂದೆಲ್ಲ ಅಬ್ಬಾನನ್ನು ಕೇಳುತ್ತಲೇ ಇರುತ್ತಿದ್ದ. ಬಿ.ಕಾಂ. ಮಾಡಿ ಬೆಂಗಳೂರಿನಲ್ಲೋ ಮದರಾಸಿನಲ್ಲೋ ಬ್ಯಾಂಕು ಸೇರಬೇಕೆಂಬ ಆಸೆಯನ್ನು ಅವನು ಮೊದಲು ಹೇಳಿದ್ದು ಅಬ್ಬಾನಿಗೇ. ತಂದೆಗೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಅವನು ಇಂಟರ್‌ಮೀಡಿಯೆಟ್ ಮುಗಿಸಿದ ಬೇಸಿಗೆಯಲ್ಲಿ ಅಬ್ಬಾ ಒಗೆದ ಷರ್ಟು ಹಾಕಿಕೊಂಡು ಮೇಷ್ಟ್ರ ಜಗುಲಿಗೆ ಹೋದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು. ನಾನು ಕಂಬಕ್ಕೊರಗಿ ಕೂತೆ.

"ಮೇಷ್ಟ್ರೇ, ನಾನು ಓದಿದೋನಲ್ಲ, ತಪ್ಪು ತಿಳೀಬೇಡಿ. ನಿಮ್ಮ ಹುಡುಗ ಜನರನ್ನ ಓದ್ತಾನೆ. ಅವನಿಗೆ ಬಿ.ಕಾಂ. ಕೊಡ್ಸಿ. ಅವನ ಕೈಲಿ ಬರ್ಕತ್ ಇದೆ, ಮುಟ್ಟಿದ್ದೆಲ್ಲ ಹೆಚ್ಚಾಗ್ತದೆ."

ಮೇಷ್ಟ್ರು ಸಿಟ್ಟಾಗಲಿಲ್ಲ. ಒಳಗಿನಿಂದ ಕಾಫಿ ತರಿಸಿದರು. ಆಮೇಲೆ ಹೇಳಿದರು:

"ಸಾಹೇಬ್ರೇ, ಊರೋರ ಮಕ್ಕಳಿಗೆಲ್ಲ ಒಂದು ಹೇಳಿ, ನನ್ನ ಮಗನಿಗೆ ಇನ್ನೊಂದು ಮಾಡಿದ್ರೆ ನನ್ನ ಮಾತಿಗೇನು ಬೆಲೆ ಕಣ್ರೀ? ಅವನಿಗಿನ್ನೂ ತಿಳೀದು. ಸೇರ್ಲಿ ಬುಡಿ, ಆಮೇಲೆ ಅದೇ ರುಚಿ ಹತ್ತತದೆ."

ಬಾಗಿಲ ಹಿಂದೆ ಅವನು ನಿಂತಿದ್ದು ನನಗೆ ಕಾಣುತ್ತಿತ್ತು. ಮೇಷ್ಟ್ರಿಗೂ ಕಂಡಿರಬೇಕು. ಅವನನ್ನು ಯಾರೂ ಹೊರಗೆ ಕರೆಯಲಿಲ್ಲ.

ಅಣ್ಣ ಮೈಸೂರಿನಲ್ಲಿ ಗಣಿತದ ಆನರ್ಸಿಗೆ ಸೇರಿದ. ಪರೀಕ್ಷೆಯಲ್ಲಿ ಫೇಲಾಗಿ ಊರಿಗೆ ಬಂದ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ… ಆ ಬೇಸಿಗೆಯಿಡೀ ತಾವೇ ಜಗುಲಿಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟರು. ಶಾಲೆಯಲ್ಲಿ ನಮಗೆಲ್ಲ ಬೇಗ ರೇಗುತ್ತಿದ್ದ ಮನುಷ್ಯ ಮಗನಿಗೆ ಅದನ್ನೇ ಮತ್ತೆ ಮತ್ತೆ, ದನಿ ಏರಿಸದೆ, ಮಗ್ಗಿ ಕಲಿಸುವ ಹಾಗೆ ಹೇಳುತ್ತಿದ್ದರು. ಡಿಪೋದಲ್ಲಿ ಮರ ಕೊಯ್ಯುವ ಸದ್ದು ನಿಂತಾಗಲೆಲ್ಲ ಬೇಲಿಯಾಚೆಯಿಂದ ಅವರ ದನಿ ಕೇಳುತ್ತಿತ್ತು. ನಡುನಡುವೆ ಅವನು ಹೂಂ ಅನ್ನುತ್ತಿದ್ದ, ಅಷ್ಟೆ.

ಒಂದು ಸಂಜೆ ಲಕ್ಷ್ಮಣತೀರ್ಥ ಹೊಳೆಯ ಮೆಟ್ಟಿಲ ಮೇಲೆ ಅವನು ಸಿಕ್ಕಿದ. ಮುಂಚಿನ ಹಾಗೆ ತಮಾಷೆ ಮಾಡಲಿಲ್ಲ. ಓದು ಹೇಗಿದೆ ಅಣ್ಣ ಎಂದೆ.

"ಅಪ್ಪ ಹೇಳುವಾಗ ಎಲ್ಲ ಅರ್ಥ ಆಯ್ತದೆ ಕಣೋ," ಅಂದ. "ಅಪ್ಪ ಎದ್ದೋದ ಮೇಲೆ ಏನೂ ಇರಲ್ಲ."

ಡಿಗ್ರಿ ಬದಲಾಯಿಸಿಕೊಳ್ಳಬಾರದೇ ಎಂದು ಕೇಳಿದೆ. ಅಪ್ಪ ಅಷ್ಟು ಸಹನೆಯಿಂದ ಹೇಳಿಕೊಡುವಾಗ ಅದನ್ನು ಯಾವ ಬಾಯಲ್ಲಿ ಹೇಳಲಿ ಎಂದು ನೀರು ನೋಡುತ್ತಾ ಕೂತ.

ಮರುಸಲವೂ ಫೇಲಾಯಿತು. ಅವನು ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಟ್ರಂಕು ಹಿಡಿದುಕೊಂಡು ನೇರ ಡಿಪೋಗೆ ಬಂದು, ಎಲ್ಲಾದರೂ ದೂರದಲ್ಲಿ ಒಂದು ಕೆಲಸ ಕೊಡಿ ಎಂದು ಅಬ್ಬಾನ ಮುಂದೆ ನಿಂತ. ಅಬ್ಬಾ ಅವನನ್ನು ಮೊದಲು ಮನೆಗೆ ಕಳಿಸಿ ನೋಡಿದರು, ಅವನು ಮತ್ತೆ ಬಂದ. ಕೊನೆಗೆ ಕಾಕನಕೋಟೆಯಲ್ಲಿ ಮರ ಕಡಿಸುತ್ತಿದ್ದ ಜಾಗಕ್ಕೆ ಲೆಕ್ಕ ಬರೆಯುವ ರೈಟರ್ ಮಾಡಿ ಕಳಿಸಿದರು. ಮಳೆಗಾಲಕ್ಕೆ ಮುಂಚೆ ವಾಪಸು ಕರೆಸುತ್ತೇನೆ, ಅಷ್ಟರಲ್ಲಿ ತಂದೆ ಮಗನ ಮನಸ್ಸು ತಿಳಿಯಾಗುತ್ತದೆ ಎಂಬುದು ಅಬ್ಬಾನ ಲೆಕ್ಕ. ಮಗ ಹೊರಟ ದಿನ ಮೇಷ್ಟ್ರು ಶಾಲೆಗೆ ಎಂದಿಗಿಂತ ಬೇಗ ಹೋದರು.

ಕಾಡಿನಲ್ಲಿ ಅವನು ಚೆನ್ನಾಗಿದ್ದಾನೆಂದು ಗಾಡಿಯವರು ಬಂದು ಹೇಳುತ್ತಿದ್ದರು. ಕೂಲಿಯವರ ಜೊತೆ ಸೇರಿ ಹಾಡುತ್ತಾನಂತೆ, ನಗುತ್ತಾನಂತೆ. ಅದನ್ನು ಕೇಳಿ ಅವನ ತಾಯಿಯ ಮುಖ ಅರಳಿದ್ದನ್ನು ಕಂಡಿದ್ದೇನೆ. ಆಮೇಲೆ ಜ್ವರ ಬಂತು. ಆ ಕಾಡಿನ ಚಳಿಜ್ವರ ಎಲ್ಲರಿಗೂ ಗೊತ್ತಿದ್ದದ್ದೇ. ಕ್ವಿನೈನ್ ನುಂಗಿ ಎದ್ದವರೂ ಇದ್ದರು, ಏಳದವರೂ ಇದ್ದರು. ಮರದ ಗಾಡಿಯಲ್ಲೇ ಹುಲ್ಲು ಹಾಸಿ ಅವನನ್ನು ಊರಿಗೆ ತಂದರು. ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಏನೇನೋ ಮಾತಾಡುತ್ತಿದ್ದ. ವ್ಯಾಪಾರದ ಮಾತು, ಕೊಡಗಿನವರ ಮಾತು. ಮೇಷ್ಟ್ರು ಮಂಚದ ಪಕ್ಕ ನಿಂತು ಕೇಳುತ್ತಿದ್ದರು. ಅವನು ಮತ್ತೆ ಎಚ್ಚರಗೊಳ್ಳಲೇ ಇಲ್ಲ.

ಮಣ್ಣು ಮುಗಿಸಿ ಎಲ್ಲರೂ ಹೋದ ಮೇಲೂ ಅಬ್ಬಾ ಮೇಷ್ಟ್ರ ಮನೆಯ ಎದುರು ಬೀದಿಯಲ್ಲೇ ನಿಂತಿದ್ದರು. ಜಗುಲಿ ಹತ್ತುವ ಧೈರ್ಯ ಅವರಿಗಿರಲಿಲ್ಲ. ಮೇಷ್ಟ್ರೇ ಇಳಿದು ಬಂದರು.

"ನಾನು ಕಳಿಸಬಾರದಿತ್ತು ಮೇಷ್ಟ್ರೇ," ಅಂದರು ಅಬ್ಬಾ.

"ಕಳಿಸಿದ್ದು ನೀವಲ್ಲ ಕಣ್ರೀ," ಅಂದರು ಮೇಷ್ಟ್ರು. "ಒಳಕ್ಕೆ ಬನ್ನಿ."

ಅಬ್ಬಾ ಆ ಮನೆಯೊಳಗೆ ಕೂತು ಮಗುವಿನ ಹಾಗೆ ಅತ್ತರಂತೆ. ಮೇಷ್ಟ್ರು ಅಳಲಿಲ್ಲವಂತೆ. ಇದನ್ನು ಅಬ್ಬಾ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಅದಾದ ಮೇಲೂ ಜನ ಬರುತ್ತಿದ್ದರು, ದೂರದೂರಿನವರಿಗೆ ಸುದ್ದಿ ಗೊತ್ತಿರಲಿಲ್ಲ. ಮೇಷ್ಟ್ರು ಅವರಿಗೆ ನೀರು ಮಜ್ಜಿಗೆ ಕೊಡಿಸಿ, ಬೇರೆ ಯಾರನ್ನಾದರೂ ಕೇಳಿ ಎಂದು ಕಳಿಸುತ್ತಿದ್ದರು. ಒಬ್ಬ ರೈತ ಮಗನ ಜೊತೆ ಬಹಳ ಹೊತ್ತು ಕಾದು ಕೂತಿದ್ದ. ಮೇಷ್ಟ್ರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕ್ರಮೇಣ ಜಗುಲಿ ಬರಿದಾಯಿತು.

ನನ್ನ ಸರದಿ ಬಂದದ್ದು ಆಗ. ನನಗೂ ಹಣಕಾಸು ಇಲಾಖೆಯ ಆಸೆಯಿತ್ತು. ಇಂಟರ್‌ಮೀಡಿಯೆಟ್ ಮುಗಿಸಿ ಬಂದಿದ್ದೆ. ಅಬ್ಬಾ, ಹೋಗಿ ಮೇಷ್ಟ್ರನ್ನು ಕೇಳು ಎಂದರು. ಅವರು ಯಾರಿಗೂ ಹೇಳುವುದಿಲ್ಲ ಎಂದೆ. ಆದರೂ ಕೇಳು, ಕೇಳದೆ ಹೋದರೆ ಅವರಿಗೆ ಇನ್ನೂ ನೋವಾಗುತ್ತದೆ ಎಂದರು. ಹೋದೆ. ಮೇಷ್ಟ್ರು ಗೋಡೆಗೊರಗಿ ಕೂತಿದ್ದರು. ಗಡ್ಡ ಬೆಳೆದಿತ್ತು. ವಿಷಯ ಹೇಳಿದೆ. ಅವರು ಚಾಪೆಯನ್ನು ನನ್ನ ಕಡೆ ಸರಿಸಿದರು.

"ನಿಂಗೆ ಯಾವುದು ಇಷ್ಟ?" ಎಂದರು ಆಮೇಲೆ.

ಆ ಜಗುಲಿಯಲ್ಲಿ ಅವರು ಯಾವ ಹುಡುಗನನ್ನೂ ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ತಬ್ಬಿಬ್ಬಾಗಿ ಬಿ.ಕಾಂ. ಅಂದುಬಿಟ್ಟೆ.

"ಅದು ಸಾಹೇಬ್ರ ಇಷ್ಟವೋ, ನಿಂದೋ?"

ಗೊತ್ತಿಲ್ಲ ಸಾರ್ ಎಂದೆ. ಅದು ನಿಜವಾಗಿತ್ತು.

"ಗೊತ್ತಾಗೋಗಂಟ ತಡಿ. ಒಂದು ವರ್ಷ ಹೋದ್ರೆ ಹೋಗ್ಲಿ ಬುಡು. ನಾನು ತಡೀಲಿಲ್ಲ ಕಣಪ್ಪ."

ನಾನು ತಡೆದೆ. ಆ ವರ್ಷ ಡಿಪೋದಲ್ಲೇ ಕಳೆದೆ. ವ್ಯಾಪಾರ ನನಗೆ ಒಗ್ಗುವುದಲ್ಲವೆಂದು ಅಲ್ಲಿ ತಿಳಿಯಿತು. ಎರಡನೇ ಮಹಾಯುದ್ಧ ಶುರುವಾಗಿ ಬೆಲೆಗಳು ಏರುತ್ತಿದ್ದವು. ಅಕ್ಕಿಯ ಬೆಲೆ ಯಾಕೆ ಏರುತ್ತದೆ, ಸರ್ಕಾರ ಏನು ಮಾಡಿದರೆ ಇಳಿಯುತ್ತದೆ ಎಂದು ಕೇಳಿಕೊಳ್ಳುವುದು ನನಗೆ ಹಿಡಿಸಿತು. ಅರ್ಥಶಾಸ್ತ್ರದ ಬಿ.ಎ.ಗೆ ಸೇರಿದೆ. ಗಣಿತದವರೊಡನೆ ಸ್ಪರ್ಧಿಸುವುದು ಕಷ್ಟ ಎಂದು ಎಲ್ಲರೂ ಹೆದರಿಸಿದರು. ಕಷ್ಟವೇ ಆಯಿತು. ಆದರೆ ಪರೀಕ್ಷೆಯಲ್ಲಿ ಆರಿಸಲ್ಪಟ್ಟೆ.

ಅಷ್ಟರಲ್ಲಿ ಮೇಷ್ಟ್ರು ಕೆಲಸ ಬಿಟ್ಟು ತಮ್ಮ ಹಳ್ಳಿಗೆ ಹೋಗಿದ್ದರು. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡಿಸುತ್ತಿದ್ದ ಬಸ್ಸಿನಲ್ಲಿ ಕೃಷ್ಣರಾಜನಗರಕ್ಕೆ ಹೋಗಿ, ಅಲ್ಲಿಂದ ನಾಲೆಯ ಏರಿಯ ಮೇಲೆ ನಡೆದು ಅವರ ಮನೆ ಹುಡುಕಿದೆ. ಮೇಷ್ಟ್ರು ಗದ್ದೆಯಿಂದ ಆಗತಾನೇ ಬಂದು ಕೆಸರಿನ ಕಾಲು ತೊಳೆಯುತ್ತಿದ್ದರು. ನನ್ನನ್ನು ಕಂಡು ಅವರಿಗೆ ಖುಷಿಯಾಯಿತು. ಅಬ್ಬಾನ ಆರೋಗ್ಯ ಕೇಳಿದರು, ಬೆಲ್ಲ ನೀರು ಕೊಡಿಸಿದರು. ಸುದ್ದಿ ಹೇಳಿದೆ.

"ಒಳ್ಳೇದಾಯ್ತು ಬುಡಪ್ಪ," ಅಂದರು. ಯಾವ ಡಿಗ್ರಿ ತೆಗೆದುಕೊಂಡೆ ಎಂದು ಕೇಳಲಿಲ್ಲ. ಎಮ್ಮೆಗೆ ಹುಲ್ಲು ಹಾಕಬೇಕೆಂದು ಎದ್ದು ಹಿತ್ತಲಿಗೆ ಹೋದರು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮೇಷ್ಟ್ರು ಹೋಗುವವರೆಗೆ ಕಾದು, ಮೆಲ್ಲಗೆ ಕೇಳಿದರು:

"ಅದೇ ಪರೀಕ್ಷೆಯಾ ಮಗ?"

ಹೌದಮ್ಮ ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಉಂಡುಕೊಂಡು ಹೋಗಬೇಕೆಂದು ಎಲೆ ಹಾಕಿದರು. ಬೇಡವೆಂದರೂ ಮತ್ತೆ ಮತ್ತೆ ಬಡಿಸಿದರು. ಎಲೆಯಲ್ಲಿ ಒಂದಗುಳೂ ಬಿಡದೆ ಉಂಡು ಎದ್ದೆ.

ಮತ್ತೆ ನಾನು ಅಲ್ಲಿಗೆ ಹೋಗಲಿಲ್ಲ. ಹೋಗಿ ಅವರೆದುರು ನಿಂತರೆ ಅವರಿಗೆ ಕಾಣುವುದು ನಾನಲ್ಲ ಎಂದು ತಿಳಿದಿತ್ತು. ಮೇಷ್ಟ್ರು ತೀರಿಕೊಂಡ ಸುದ್ದಿ ಅಬ್ಬಾನಿಂದ ಬಂತು. ಆ ತಾಯಿ ಯಾವಾಗ ಹೋದರೋ ಗೊತ್ತಾಗಲಿಲ್ಲ.

ಈಗ ಅಬ್ಬಾನೂ ಇಲ್ಲ. ಹುಣಸೂರಿನ ಆ ಜಾಗದಲ್ಲಿ ಅಂಗಡಿಗಳ ಸಾಲು ಎದ್ದಿದೆ. ಅಲ್ಲೊಬ್ಬ ಮೇಷ್ಟ್ರಿದ್ದರು, ಅವರಿಗೊಬ್ಬ ಮಗನಿದ್ದ ಎಂದು ಹೇಳಿದರೆ ಹೌದು ಎನ್ನುವವರು ಯಾರೂ ಉಳಿದಿಲ್ಲ. ಮೇಷ್ಟ್ರ ಮುಖ ನನಗೆ ಚೆನ್ನಾಗಿ ನೆನಪಿದೆ. ಆದರೆ ಅಣ್ಣನ ಮುಖ ಎಷ್ಟು ಪ್ರಯತ್ನಪಟ್ಟರೂ ಬರುವುದಿಲ್ಲ. ಹೇಗಿದ್ದ ಅವನು ಎಂದು ಕೇಳೋಣವೆಂದರೆ, ಈ ಭೂಮಿಯ ಮೇಲೆ ಅವನನ್ನು ಕಂಡವನು ಇನ್ನು ನಾನೊಬ್ಬನೇ.