ಬಡ ಮಗು ತೋರಿಸಿ ಎಂದ ಕ್ಲೈವ್

ಕ್ಲೈವ್ ಡನ್‌ಸ್ಟನ್‌ನ ಪ್ರಕಾರ ನ್ಯೂಜಿಲೆಂಡಿನಲ್ಲಿ ಬಡ ಮಕ್ಕಳೇ ಇಲ್ಲ. ಇದನ್ನು ಅವನು ಕ್ಲಬ್ಬಿನಲ್ಲಿ ಬಿಯರ್ ಹಿಡಿದು ಹೇಳುತ್ತಿದ್ದ, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿಕೊಂಡು ಹೇಳುತ್ತಿದ್ದ, ಬೆಳಿಗ್ಗೆ ರೇಡಿಯೊಗೆ ಫೋನ್ ಮಾಡಿ ಇಡೀ ದೇಶಕ್ಕೇ ಹೇಳುತ್ತಿದ್ದ. ಬಡತನ ಹೇಗಿರುತ್ತದೆ ಎಂದು ಅವನು ಟಿವಿಯಲ್ಲಿ ನೋಡಿ ತಿಳಿದುಕೊಂಡಿದ್ದ. ಹೊಟ್ಟೆ ಬೆನ್ನಿಗೆ ಅಂಟಿರಬೇಕು, ಮುಖದ ಮೇಲೆ ನೊಣ ಕೂತಿರಬೇಕು. ನಮ್ಮ ವೈಕಾಟೊ ಸೀಮೆಯ ಚಳಿಗೆ ನೊಣ ಎಲ್ಲಿಂದ ಬರಬೇಕು? ಹಾಗಾಗಿ ಬಡತನವೂ ಇಲ್ಲ.

ಮಾಂಸದ ಕಾರ್ಖಾನೆಯಲ್ಲಿ ಕುರಿ ಕಡಿದು ಕಡಿದು ನಿವೃತ್ತನಾದವನು. ಮನುಷ್ಯ ಒಳ್ಳೆಯವನೇ. ಗಾಳಿಗೆ ನನ್ನ ಬೇಲಿ ಬಿದ್ದಾಗ ಕರೆಯದೆಯೇ ಬಂದು ನಿಲ್ಲಿಸಿಕೊಟ್ಟ. ಆದರೆ ಕೊನೆಯ ಮೊಳೆ ಹೊಡೆಯುವವರೆಗೂ ತನ್ನ ಬಾಲ್ಯದ ಪುರಾಣ ಕೇಳಿಸಿದ.

"ನಮಗ್ಯಾರೂ ಏನೂ ಕೊಡ್ಲಿಲ್ಲ ಕಣೋ. ಬ್ರೆಡ್ಡಿಗೆ ಕುರಿ ಕೊಬ್ಬು ಸವರ್ಕೊಂಡು ತಿಂದು ಬೆಳೆದ್ವಿ. ಯಾರ ಮುಂದೂ ಕೈ ಚಾಚಲಿಲ್ಲ."

ನನಗೆ ನಗು ಬಂತು. ನಾವಿಬ್ಬರೂ ಒಂದೇ ತರಗತಿಯವರು. ಅವನು ಹುಟ್ಟಿ ಬೆಳೆದದ್ದು ಸರ್ಕಾರ ಕಟ್ಟಿಸಿದ ಮನೆಯಲ್ಲಿ. ಮಕ್ಕಳನ್ನು ಸಾಕಲಿ ಎಂದು ಅವನ ತಾಯಿಗೆ ಸರ್ಕಾರದ ಹಣ ಬರುತ್ತಿತ್ತು. ಶಾಲೆಯಲ್ಲಿ ದಿನಾ ಪುಕ್ಕಟೆ ಹಾಲು. ಬಿಸಿಲಿಗೆ ಬೆಚ್ಚಗಾದ ಆ ಹಾಲನ್ನು ನಾವು ಮೂಗು ಹಿಡಿದು ಕುಡಿಯುತ್ತಿದ್ದರೆ, ಇವನು ತನ್ನ ಬಾಟಲಿ ಮುಗಿಸಿ ನನ್ನದಕ್ಕೂ ಬಾಯಿ ಹಾಕುತ್ತಿದ್ದ. ಅದೆಲ್ಲ ಹೊಟ್ಟೆಯಲ್ಲಿ ಕರಗಿತು, ನೆನಪಲ್ಲಿ ಉಳಿದದ್ದು ಕುರಿ ಕೊಬ್ಬು ಮಾತ್ರ.

ನಮ್ಮ ಕ್ಲಬ್ಬಿನ ಖರ್ಚಿನಲ್ಲಿ ಊರ ಶಾಲೆಯ ಮಕ್ಕಳಿಗೆ ಬೆಳಿಗ್ಗೆ ಓಟ್ಸ್ ಗಂಜಿ ಕೊಡುತ್ತಿದ್ದೆವು. ಈ ಚಳಿಗಾಲ ಅದನ್ನು ನಿಲ್ಲಿಸಬೇಕೆಂದು ಕ್ಲೈವ್ ಪಟ್ಟು ಹಿಡಿದ. ಸಭೆ ಕರೆದೆವು. ನಮ್ಮಲ್ಲಿ ಸಭೆ ಎಂದರೆ ಪ್ರತಿಯೊಬ್ಬರೂ ಮನೆಯಿಂದ ಒಂದು ತಟ್ಟೆ ತಿಂಡಿ ತರಬೇಕು. ಮಾಂಸದ ಸುರುಳಿ, ಚೀಸ್ ಹಾಕಿದ ಸ್ಕೋನು, ಕೆನೆ ಹೊತ್ತ ದೊಡ್ಡ ಕೇಕು, ಮೇಜು ಕಾಣದಷ್ಟು. ಬಡತನದ ಚರ್ಚೆ ಖಾಲಿ ಹೊಟ್ಟೆಯಲ್ಲಿ ಆಗುವಂಥದ್ದಲ್ಲ.

ಇಂಗ್ಲೆಂಡಿನಿಂದ ಹೊಸದಾಗಿ ಬಂದು ಸಮಿತಿ ಸೇರಿದ್ದ ಫಿಲಿಪಾ ಎದ್ದು ನಿಂತಳು. "ದೇಶದ ಮಧ್ಯಮ ಸಂಸಾರದ ಆದಾಯ ಇದೆಯಲ್ಲ, ಅದರ ಅರ್ಧವೂ ಇಲ್ಲದ ಮನೆ ಮಕ್ಕಳನ್ನ ಬಡವರು ಅಂತೀವಿ."

"ಅಂದ್ರೆ ಪಕ್ಕದ್ಮನೆಯೋನಿಗೆ ಲಾಟರಿ ಹೊಡೆದ್ರೆ, ನಾನು ಕುರ್ಚಿ ಬಿಟ್ಟು ಏಳ್ದೇನೇ ಬಡವ ಆಗ್ಬಿಡ್ತೀನಾ?" ಎಂದ ಕ್ಲೈವ್, ಮೀಸೆಗೆ ಕೆನೆ ಮೆತ್ತಿಕೊಂಡು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಜೊತೆಯ ಮಕ್ಕಳಿಗೆಲ್ಲ ಇರೋದು ಒಂದು ಮಗುಗೆ ಇಲ್ಲ ಅಂದ್ರೆ ಅದಕ್ಕೆ ಹೇಗನ್ನಿಸತ್ತೆ, ಕ್ಲೈವ್?"

"ಅನ್ನಿಸೋದಕ್ಕೆಲ್ಲ ಗಂಜಿ ಬೇಯಿಸ್ತಾ ಕೂರೋಕಾಗತ್ತೇನಮ್ಮ? ಹೆತ್ತ ಮಗೂಗೆ ಬೆಳಿಗ್ಗೆ ಒಂದು ಬಟ್ಟಲು ಹಾಕೋಕಾಗದೋಳು ತಾಯೀನೇ ಅಲ್ಲ. ರೇಡಿಯೊದಲ್ಲೂ ಇದನ್ನೇ ಹೇಳಿದೀನಿ. ನಾಳೆ ಶಾಲೆಗೆ ಬನ್ನಿ. ಒಂದು ಬಡ ಮಗು ತೋರಿಸಿ. ತೋರಿಸಿದ್ರೆ ನನ್ನ ಓಟು ಗಂಜಿಗೆ."

ಸಮಿತಿ ಸರಿಯಾಗಿ ಎರಡು ಪಾಲಾಗಿತ್ತು. ಗಂಜಿ ಉಳಿಯುವುದೂ ಹೋಗುವುದೂ ಅವನೊಬ್ಬನ ಕೈಯಲ್ಲಿತ್ತು. ಆ ಸಂಜೆಯೇ ನಾಳೆ ತಪಾಸಣೆಗೆ ಹೋಗುತ್ತೇನೆಂದು ಊರಿಗೆಲ್ಲ ಡಂಗುರ ಹೊಡೆದ.

ಬೆಳಿಗ್ಗೆ ಹುಲ್ಲಿನ ಮೇಲೆ ಮಂಜು ಗಟ್ಟಿಯಾಗಿತ್ತು. ಶಾಲೆಯ ಗೇಟಿನಲ್ಲಿ ಇಬ್ಬರು ಮಕ್ಕಳು ಆ ಮಂಜಿನ ಮೇಲೇ ಬರಿಗಾಲಲ್ಲಿ ಓಡಿ ಬಂದರು. ಫಿಲಿಪಾ ನನ್ನ ತೋಳು ಹಿಡಿದಳು. "ಅಯ್ಯೋ ದೇವರೇ, ಆ ಕಾಲು ನೋಡಿ!"

ಕ್ಲೈವ್ ಕೆಮ್ಮು ಬರುವಷ್ಟು ನಕ್ಕ. "ಅವು ಮೆಕಾಲಿಸ್ಟರ್ ಮನೆ ಮಕ್ಕಳು ತಾಯಿ! ಅವರಪ್ಪಂಗೆ ಆರ್ನೂರು ಹಸು, ಸರೋವರದಲ್ಲಿ ಸ್ವಂತ ದೋಣಿ. ಬೂಟು ಕಾರಲ್ಲೇ ಕಳಚಿ ಎಸೆದು ಬಂದಿರ್ತವೆ."

ಮಾತು ನಿಜ. ಇಲ್ಲಿ ಹುಟ್ಟಿದ ಯಾವ ಮಗುವಿಗೂ ಬೂಟು ಕಂಡರೆ ಆಗದು. ಫಿಲಿಪಾ ಕೆಂಪಾದಳು. ಕ್ಲೈವ್ ಎದೆ ಉಬ್ಬಿಸಿಕೊಂಡು ಸಭಾಂಗಣಕ್ಕೆ ನುಗ್ಗಿದ.

ಅಲ್ಲಿ ಹಿನೆ ಆಂಟಿ ದೊಡ್ಡ ಪಾತ್ರೆಯಲ್ಲಿ ಗಂಜಿ ತಿರುವುತ್ತಿದ್ದಳು. ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ನಿಂತಿದ್ದರು. ಕ್ಲೈವ್ ಸಂತೆಯಲ್ಲಿ ಕುರಿ ನೋಡುವವನಂತೆ ಸಾಲಿನ ಉದ್ದಕ್ಕೂ ನಡೆದ. "ಇವನ ಕೆನ್ನೆ ನೋಡಿ, ಬನ್ನಿನ ಹಾಗಿದೆ! ಇವಳ ಜಾಕೆಟ್ಟು ನನ್ನದಕ್ಕಿಂತ ಚೆನ್ನಾಗಿದೆ."

ಆಗ ಟಿಲ್ಲಿ ಬಂದಳು. ಕ್ಲೈವ್‌ನ ಮಗಳು ಶೆರಿಲ್‌ಳ ಆರು ವರ್ಷದ ಕೂಸು. ಬಿಗಿಯಾಗಿ ಹೆಣೆದ ಜಡೆ, ಮುಖ ಕಾಣುವಷ್ಟು ಪಾಲಿಶ್ ಹಾಕಿದ ಬೂಟು. ಸಾಲಿಗೆ ಸೇರದೆ ಗೋಡೆಗೊರಗಿ ಕೂತಳು.

"ನೋಡಿ, ನನ್ನ ಮೊಮ್ಮಗಳು!" ಎಂದ ಕ್ಲೈವ್. "ಅವಳಪ್ಪ ಬಿಟ್ಟು ಹೋದ. ಶೆರಿಲ್ ಸೂಪರ್‌ಮಾರ್ಕೆಟ್ಟಲ್ಲಿ ದುಡಿದು ಒಬ್ಬಳೇ ಸಾಕ್ತಿದಾಳೆ. ಮಗೂ ಕೈಗೆ ಬಟ್ಟಲು ಕೊಟ್ಟು ನಿಲ್ಲಿಸಿದಾಳಾ?"

ಹಿನೆ ಆಂಟಿಯ ಸೌಟು ನಿಂತಿತು. "ಯಾಕೆ ಪುಟ್ಟಿ, ಇವತ್ತು ಬೇಡ್ವಾ?"

ಕ್ಲೈವ್ ಹಿನೆಯ ಕಡೆ ತಿರುಗಿ ನೋಡಿದ. ನಗು ಮುಖದಲ್ಲಿ ಇನ್ನೂ ಇತ್ತು, ಆದರೆ ಸಡಿಲವಾಗಿತ್ತು.

"ಟಿಲ್ಲಿ, ಬಾ ಚಿನ್ನ. ಮನೇಲಿ ತಿಂಡಿ ತಿಂದ್ಯಾ?"

"ತಿಂದೆ ಅಜ್ಜ."

"ಹಾಂ! ಏನು ತಿಂದೆ, ಈ ಆಂಟಿಗೆ ಹೇಳು."

ಟಿಲ್ಲಿ ಸೂರು ನೋಡಿದಳು, ಬೂಟು ನೋಡಿಕೊಂಡಳು. "ಅದನ್ನ ಅಮ್ಮ ಹೇಳಿಕೊಡ್ಲಿಲ್ಲ. ತಿಂದೆ ಅನ್ನು ಅಂದ್ಲು, ಅಷ್ಟೇ."

ಮಕ್ಕಳ ಚಮಚದ ಸದ್ದು ಕೇಳುತ್ತಿತ್ತು. ಕ್ಲೈವ್‌ನ ಬಾಯಿ ಕಟ್ಟುವ ದಿನಕ್ಕಾಗಿ ನಾನು ವರ್ಷಗಟ್ಟಲೆ ಕಾದವನು. ಆ ದಿನ ಬಂದಾಗ ಒಂದಿಷ್ಟೂ ಸಂತೋಷವಾಗಲಿಲ್ಲ. ಅವನ ರೇಡಿಯೊ ಭಾಷಣವನ್ನು ಶೆರಿಲ್ ಯಾವ ಅಡುಗೆಮನೆಯಲ್ಲಿ ನಿಂತು ಕೇಳಿದ್ದಳೋ.

ಟಿಲ್ಲಿ ಅವನ ಕೋಟಿನ ತುದಿ ಎಳೆದಳು. "ಅಜ್ಜ, ನೀನು ಯಾವಾಗ ಹೋಗ್ತೀಯ? ಗಂಜಿ ಖಾಲಿ ಆಗತ್ತೆ."

ಕ್ಲೈವ್ ಟೋಪಿ ಹಾಕಿಕೊಂಡು ಹೊರಗೆ ನಡೆದ. ನಾವೂ ಹಿಂದೆಯೇ ಹೋದೆವು. ಫಿಲಿಪಾಗೆ ನಾಲಿಗೆ ಹಿಡಿಯಲಾಗಲಿಲ್ಲ. "ಹಾಗಾದ್ರೆ ಬಡ ಮಗು ನೋಡಿದ್ರಾ, ಕ್ಲೈವ್?"

"ಇಲ್ಲ. ನನ್ನ ಮೊಮ್ಮಗಳನ್ನ ನೋಡಿದೆ," ಎಂದ ಅವನು. "ಗಂಜಿ ನಡೀಲಿ." ಆಮೇಲೆ ನಮ್ಮಿಬ್ಬರನ್ನೂ ಗೇಟಿನ ಕಡೆ ತಳ್ಳಿದ. "ಕಿಟಕಿ ಹತ್ರ ನಿಲ್ಬೇಡ್ರಪ್ಪ. ನಾನು ಹೋದೆ ಅಂತ ಅವಳಿಗೆ ಗೊತ್ತಾಗ್ಬೇಕು."