ಭದ್ರಮ್ಮನ ಪೈಪಿಲ್ಲದ ಸಾಲು

ಅತ್ತಿಬೆಲೆ ಸುತ್ತ ಹೊಲವಿದ್ದವರೆಲ್ಲ ಗೋಡೌನ್ ಕಟ್ಟಿಸಿ ಬಾಡಿಗೆಯಲ್ಲಿ ಕಾಲು ಚಾಚಿ ಕೂತರೆ, ಭದ್ರಮ್ಮ ಮಾತ್ರ ತನ್ನ ಹೊಲದಲ್ಲಿ ನರ್ಸರಿ ಇಟ್ಟಳು. ಕಂಪನಿಗಳು ಮೊದಲು ಮರ ಕಡಿದು, ಆಮೇಲೆ ನೆರಳು ಬೇಕೆಂದು ಅವಳ ಬಳಿಗೇ ಬರುತ್ತಿದ್ದವು. ಇಂಥ ಗಿರಾಕಿಗಳಿರುವಾಗ ಯಾರಾದರೂ ಬೇರೆ ಕಸುಬು ಹಿಡಿಯುತ್ತಾರೆಯೇ? ಅವಳ ಸಂಪಿಗೆ ಸಸಿಗೆ ಹೆಸರಿತ್ತು. ಬೀಜವೆಲ್ಲ ಬಾವಿ ಪಕ್ಕದ ಒಂದೇ ಮರದ್ದು, ಮಾವ ನೆಟ್ಟದ್ದು. ಮೈದುನ ಮುನಿಕೃಷ್ಣ ಗೋಡೌನ್ ಮಾತೆತ್ತಿದಾಗಲೆಲ್ಲ ಅವಳದು ಒಂದೇ ಉತ್ತರ: ಈ ಮಣ್ಣಿನಲ್ಲಿ ಸಂಪಿಗೆ ಬದುಕುವ ತನಕ ಆ ಮಾತು ಬೇಡ.

ಹವಾಮಾನ ಬದಲಾದಂತೆ ಯಾವ ಗಿಡ ಎಲ್ಲಿ ಉಳಿದೀತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಕೃಪಾಳ ಕೆಲಸ. ಸಸಿ ಕೊಳ್ಳಲು ಬಂದವಳು ಲ್ಯಾಪ್‌ಟಾಪ್ ತೆರೆದು ನಕ್ಷೆ ತೋರಿಸಿದಳು. ಸಂಪಿಗೆಯ ಹಸಿರು ದಶಕದಿಂದ ದಶಕಕ್ಕೆ ಪಡುವಣ ಬೆಟ್ಟಗಳತ್ತ ಸರಿಯಿತು. ಅತ್ತಿಬೆಲೆಯ ಮೇಲೆ ಕಂದು ಬಣ್ಣ ಕವಿಯಿತು. ಅದು ಮುಳ್ಳುಕುರುಚಲು ಎಂದಳು.

“ನಿಮ್ಮ ಕಂಪ್ಯೂಟರ್‌ಗೆ ನಮ್ಮ ಬೋರ್‌ವೆಲ್ ಗೊತ್ತೇನವ್ವಾ?”

“ಇಲ್ಲಕ್ಕ. ಅದಕ್ಕೆ ಗೊತ್ತಿರೋದು ಮಳೆ, ಬಿಸಿಲು, ಮಣ್ಣು ಅಷ್ಟೇ.”

“ಅಂಗಾದ್ರೆ ಬರೀ ಮಳೇಲೇ ಬೆಳೆಸಿ ತೋರಿಸ್ತೀನಿ. ನಮ್ಮಾವ ಆ ಬಾವಿ ಪಕ್ಕದ ಮರಕ್ಕೆ ಪೈಪ್ ಎಳೆದಿರ್ಲಿಲ್ಲ.”

ಮುಂಗಾರಿಗೆ ಬೇಲಿಯಂಚಿನಲ್ಲಿ ಒಂದು ಸಾಲು ಸಂಪಿಗೆ ನೆಟ್ಟಳು, ಪೈಪ್ ಎಳೆಯಲಿಲ್ಲ. ಗಿಡಗಳು ಚಿಗುರಿದವು. ಬಂದ ಗಿರಾಕಿಗೆಲ್ಲ ಕಂಪ್ಯೂಟರ್ ಸೋತ ಕಥೆ ಹೇಳಿದಳು. ಕಥೆ ಜೊತೆಗಿದ್ದರೆ ಸಸಿ ಬೇಗ ಖರ್ಚಾಗುತ್ತದೆ.

ಬೇಸಿಗೆ ಬಂತು. ಕತ್ತಲಾದರೂ ನೆಲದ ಕಾವು ಇಳಿಯಲಿಲ್ಲ. ಸಾಲು ತುದಿಯಿಂದ ಒಣಗುತ್ತಾ ಬಂತು, ಕಥೆಯೂ ನಿಂತಿತು. ಮಳೆ ಬಿದ್ದು ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಆ ಸಾಲಿನಲ್ಲಿ ಹಸಿರು ಕಂಡಿತು. ಗೆದ್ದೆನೆಂದು ಓಡಿಹೋಗಿ ಬಗ್ಗಿ ಹಿಡಿದಳು. ಮುಳ್ಳು ಬೆರಳಿಗಿಳಿಯಿತು.

ಬಳ್ಳಾರಿ ಜಾಲಿ. ಕುರಿ ಹಿಕ್ಕೆಯಲ್ಲಿ ಬಂದಿರಬೇಕು. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ. ಒಣಗಿದ ಒಂದೊಂದು ಸಂಪಿಗೆಯ ಬುಡದಲ್ಲೂ ಎದ್ದು ನಿಂತಿತ್ತು. ಕಿತ್ತರೆ ಬರಲಿಲ್ಲ.

ಕೃಪಾಳಿಗೆ ಫೋನ್ ಮಾಡಿದಳು. “ಆ ಮುಳ್ಳು ಯಾವಾಗ ಬರ್ತದೆ ಅಂದಿದ್ರಿ?”

“ಇನ್ನೂ ಟೈಮಿದೆ ಅಕ್ಕ. ನಾನು ನಿಮ್ಮ ವಯಸ್ಸಿಗೆ ಬರೋ ಹೊತ್ಗೆ.”

“ಆ ಮುಳ್ಳಿಗೆ ಯಾರೂ ಯೋಳಿಲ್ಲ ಅಂತ ಕಾಣ್ತದೆ ಕಣವ್ವ.”

ಫೋನಿಟ್ಟು ತಲೆಯೆತ್ತಿದಳು. ಬಾವಿ ಪಕ್ಕದ ಮರದ ನೆತ್ತಿಯಲ್ಲಿ ಎಲೆಯೇ ಇರಲಿಲ್ಲ. ದಿನವೂ ಅದರ ಬುಡದಲ್ಲಿ ಕೂತು ವ್ಯಾಪಾರ ಮಾಡಿದವಳು ಮೇಲೆ ನೋಡಿರಲಿಲ್ಲ.

ಸಂಜೆ ಮುನಿಕೃಷ್ಣ ಮತ್ತೆ ಗೋಡೌನ್ ಮಾತೆತ್ತಿದ. ಭದ್ರಮ್ಮ ಬೆರಳು ಚೀಪುತ್ತಾ, ಕೊನೆಯ ತನಕ ಕೇಳಿಸಿಕೊಂಡಳು.